ಆಲಸಿ ಲೋಹವೊಂದರ ದುಡಿಮೆ: ಚಿನ್ನ, ಜಲಜನಕ ಮತ್ತು ನಮ್ಮ ಜಿಲ್ಲೆ

ಚಿತ್ರದುರ್ಗ, ಕಿರುಬನಕಲ್ಲು ಮತ್ತು ಚೋಳಗುಡ್ಡವೆಂಬ ಮೂರು ಬೆಟ್ಟಗಳ ನಡುವಿನ ಚಂದ್ರವಳ್ಳಿಯ ಕಣಿವೆಯನ್ನು ಇತಿಹಾಸಾಸಕ್ತರಿಗೆ ಹೊಸದಾಗಿ ಪರಿಚಯಿಸಬೇಕಾದ ಅಗತ್ಯವಿಲ್ಲ. ಕದಂಬ ಮಯೂರಶರ್ಮನು ಕೆರೆ ನಿರ್ಮಿಸಿದುದನ್ನು ಹೇಳುವ ಬಂಡೆಯ ಶಾಸನ ಅಲ್ಲಿದೆ. 1929ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಲ್ಲಿ ಉತ್ಖನನ ನಡೆಸಿದರು. ಸಾತವಾಹನರ ಕಾಲದ ಸೀಸದ ನಾಣ್ಯಗಳೂ, ರೋಮ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ದಿನಾರಿಗಳೂ ಆ ನೆಲದಿಂದ ಬೆಳಕಿಗೆ ಬಂದವು. ಮಣ್ಣಿನೊಳಗೆ ಎರಡು ಸಾವಿರ ವರ್ಷ ಮಲಗಿದ ಸೀಸಕ್ಕೆ ಬಿಳಿಯ ಹಕ್ಕಳೆ ಕಟ್ಟುತ್ತದೆ; ಬೆಳ್ಳಿ ಕಪ್ಪಾಗುತ್ತದೆ; ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ಚಿನ್ನವೊಂದು ಮಾತ್ರ ಹೂತಿಟ್ಟವನ ಕೈಯಿಂದ ಈಗಷ್ಟೇ ಜಾರಿದಂತೆ ಹೊಳೆಯುತ್ತ ಹೊರಬರುತ್ತದೆ. ನಮ್ಮ ಜಿಲ್ಲೆಗೂ ಚಿನ್ನಕ್ಕೂ ನಂಟು ಹಳೆಯದು. 1892ರಲ್ಲಿ ಬಿ. ಎಲ್. ರೈಸ್ ಅವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಗುರುತಿಸಿದ ಅಶೋಕನ ಶಾಸನವು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ. ಅದು ಹೊರಟದ್ದು ಸುವರ್ಣಗಿರಿಯಿಂದ. ಮುಂದೆ ಪಾಳೆಯಗಾರರ ಕಾಲದಲ್ಲಿ ದುರ್ಗಿ ವರಾಹವೆಂಬ ಚಿನ್ನದ ನಾಣ್ಯವೇ ಈ ಊರಿನ ಹೆಸರನ್ನು ಹೊತ್ತು ಚಲಾವಣೆಯಲ್ಲಿತ್ತು.

ಮನುಷ್ಯನು ಚಿನ್ನವನ್ನು ಮೆಚ್ಚಿದ್ದು ಅದು ಏನನ್ನೂ ಮಾಡದು ಎಂಬ ಕಾರಣಕ್ಕೇ ಅಲ್ಲವೆ? ಗಾಳಿಗೆ ಮಾಸದು, ನೀರಿಗೆ ತುಕ್ಕು ಹಿಡಿಯದು, ಪುಟಕ್ಕಿಟ್ಟರೆ ಸುಡದೆ ಮತ್ತಷ್ಟು ಶುದ್ಧವಾಗುತ್ತದೆ. ಪ್ರೌಢಶಾಲೆಯ ರಸಾಯನಶಾಸ್ತ್ರದ ಪುಸ್ತಕದಲ್ಲಿ ಲೋಹಗಳ ಕ್ರಿಯಾಶೀಲತೆಯ ಸರಣಿ ಎಂಬ ಪಟ್ಟಿಯಿದೆ. ತುದಿಯಲ್ಲಿ ನೀರು ಸೋಕಿದರೆ ಉರಿದೇಳುವ ಪೊಟ್ಯಾಸಿಯಂ, ಬುಡದಲ್ಲಿ ಯಾವುದಕ್ಕೂ ಜಗ್ಗದ ಚಿನ್ನ. ತಲೆಮಾರುಗಟ್ಟಲೆ ಮಕ್ಕಳು ಇದನ್ನು ಕಂಠಪಾಠ ಮಾಡಿದ್ದಾರೆ. ನಾವು ಅಧ್ಯಾಪಕರು ಮಾಡಿಸಿದ್ದೇವೆ. ಆ ಪಟ್ಟಿ ಸುಳ್ಳಲ್ಲ. ಆದರೆ ಪಟ್ಟಿಯ ಬುಡದಲ್ಲಿರುವ ಈ ಆಲಸಿ ಲೋಹವೇ, ತಕ್ಕ ರೂಪದಲ್ಲಿದ್ದಾಗ, ಇತರ ಲೋಹಗಳು ಮಾಡಲಾರದ ಒಂದು ಕೆಲಸವನ್ನು ಸಲೀಸಾಗಿ ಮಾಡುತ್ತದೆ ಎಂಬುದು 1980ರ ದಶಕದಲ್ಲಿ ತಿಳಿದುಬಂತು. ಜಲಜನಕ ಅನಿಲದಲ್ಲಿ ಬೆರೆತಿರುವ ಇಂಗಾಲದ ಮಾನಾಕ್ಸೈಡ್ ಎಂಬ ವಿಷವನ್ನು ಆರಿಸಿ ತೆಗೆಯುವುದೇ ಆ ಕೆಲಸ. ಇದನ್ನು ಕಂಡುಕೊಳ್ಳಲು ಅಷ್ಟು ಕಾಲ ಏಕೆ ಹಿಡಿಯಿತು, ಕಂಡುಕೊಂಡವರು ಯಾರು, ನಮ್ಮ ನಾಡಿನವರ ಪಾಲು ಅದರಲ್ಲಿ ಏನು ಎಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಮೊದಲು ವಿಷದ ವಿಚಾರ. ಹೊಳಲ್ಕೆರೆ, ಹೊಸದುರ್ಗಗಳ ರೈತರಿಗೆ ಮಂಗಳ ಯೂರಿಯಾದ ಚೀಲ ಚಿರಪರಿಚಿತ. ಅದನ್ನು ತಯಾರಿಸಿದ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆಯು ಪಣಂಬೂರಿನಲ್ಲಿ 1976ರಲ್ಲಿ ಉತ್ಪಾದನೆಯನ್ನಾರಂಭಿಸಿತು. ಯೂರಿಯಾಕ್ಕೆ ಅಮೋನಿಯ ಬೇಕು. ಅಮೋನಿಯಕ್ಕೆ ಗಾಳಿಯ ಸಾರಜನಕದೊಡನೆ ಕೂಡಿಸಲು ಜಲಜನಕ ಬೇಕು. ಜಗತ್ತಿನ ಬಹುಪಾಲು ಜಲಜನಕ ಹುಟ್ಟುವುದು ನೈಸರ್ಗಿಕ ಅನಿಲ, ನಾಫ್ತಾ ಅಥವಾ ಕಲ್ಲಿದ್ದಲಿನೊಡನೆ ಕಾದ ನೀರಾವಿಯನ್ನು ವರ್ತಿಸುವಂತೆ ಮಾಡಿದಾಗ. ಹಾಗೆ ಹುಟ್ಟುವಾಗ ಅದು ಒಂಟಿಯಾಗಿ ಹುಟ್ಟುವುದಿಲ್ಲ. ಇಂಗಾಲದ ಮಾನಾಕ್ಸೈಡ್ ಜೊತೆಯಲ್ಲೇ ಬರುತ್ತದೆ. ಮುಂದಿನ ಹಂತದಲ್ಲಿ ಮತ್ತೆ ನೀರಾವಿ ಹಾಯಿಸಿ, ಮಾನಾಕ್ಸೈಡನ್ನು ಡೈಆಕ್ಸೈಡಾಗಿ ಮಾರ್ಪಡಿಸಿ, ಜೊತೆಗೆ ಇನ್ನಷ್ಟು ಜಲಜನಕವನ್ನು ಪಡೆಯುತ್ತಾರೆ. ಎಷ್ಟು ಮಾಡಿದರೂ ಕೊನೆಗೆ ನೂರರಲ್ಲಿ ಒಂದು ಪಾಲಿನಷ್ಟೋ ಅದಕ್ಕಿಂತ ತುಸು ಕಡಿಮೆಯೋ ಮಾನಾಕ್ಸೈಡ್ ಉಳಿದುಬಿಡುತ್ತದೆ. ಅದು ಅಮೋನಿಯ ತಯಾರಿಕೆಯ ಕಬ್ಬಿಣದ ಕ್ರಿಯಾವರ್ಧಕವನ್ನು ಕೆಡಿಸುತ್ತದೆ.

ಕ್ರಿಯಾವರ್ಧಕವೆಂದರೇನೆಂದು ಒಂದು ಮಾತು. ಎರಡು ಮನೆತನಗಳ ನಡುವೆ ಸಂಬಂಧ ಕುದುರಿಸಿ, ಮದುವೆ ಮುಗಿದ ಮೇಲೆ ಮತ್ತೊಂದು ಮನೆಯತ್ತ ಹೊರಡುವ ಹಿರಿಯರಂತೆ, ಎರಡು ವಸ್ತುಗಳು ಬೇಗ ಕೂಡುವಂತೆ ಮಾಡಿ ತಾನು ವ್ಯಯವಾಗದೆ ಉಳಿಯುವ ವಸ್ತುವೇ ಕ್ರಿಯಾವರ್ಧಕ. ಈ ಹಿರಿಯರನ್ನು ಯಾರಾದರೂ ಒಂದು ಮನೆಯಲ್ಲಿ ಕೂಡಿಹಾಕಿಬಿಟ್ಟರೆ ಮುಂದಿನ ಮದುವೆಗಳು ನಡೆಯುವುದಿಲ್ಲ. ಇಂಗಾಲದ ಮಾನಾಕ್ಸೈಡ್ ಮಾಡುವುದು ಅದನ್ನೇ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಿಗಿಯಿಂದ ಅಂಟಿಕೊಳ್ಳುತ್ತದೆ. ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಮಲಗಿದವರು ಬೆಳಗ್ಗೆ ಏಳದೆ ಹೋಗುವುದು ಇದರಿಂದಲೇ. ಬಣ್ಣವಿಲ್ಲ, ವಾಸನೆಯಿಲ್ಲ, ಎಚ್ಚರಿಸುವ ಗುಣವೊಂದೂ ಅದಕ್ಕಿಲ್ಲ. ರಕ್ತದ ಕಬ್ಬಿಣಕ್ಕೆ ಅಂಟಿಕೊಳ್ಳುವಂತೆಯೇ ಅದು ಪ್ಲಾಟಿನಂ ಲೋಹದ ಮೈಗೂ ಅಂಟಿಕೊಳ್ಳುತ್ತದೆ. ಜಲಜನಕವನ್ನು ವಿದ್ಯುತ್ತಾಗಿ ಪರಿವರ್ತಿಸುವ ಇಂಧನ ಕೋಶಗಳಲ್ಲಿ, ಅದರಲ್ಲೂ ಸುಮಾರು 80 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ದುಡಿಯುವ ಪೊರೆಯ ಬಗೆಯವುಗಳಲ್ಲಿ, ಪ್ಲಾಟಿನಮ್ಮೇ ಮುಖ್ಯ. ಹತ್ತು ಲಕ್ಷ ಪಾಲು ಅನಿಲದಲ್ಲಿ ಹತ್ತಾರು ಪಾಲು ಮಾನಾಕ್ಸೈಡ್ ಇದ್ದರೂ ಅಂತಹ ಕೋಶದ ಶಕ್ತಿ ಕುಗ್ಗುತ್ತದೆ. ವಾಹನಗಳಿಗೆ ತುಂಬುವ ಜಲಜನಕದಲ್ಲಿ ಅಂತರರಾಷ್ಟ್ರೀಯ ಮಾನಕವು ಒಪ್ಪುವ ಮಿತಿ ಹತ್ತು ಲಕ್ಷಕ್ಕೆ 0.2 ಪಾಲು ಮಾತ್ರ.

ಹಾಗಾದರೆ ಉಳಿದ ಆ ಒಂದಂಶವನ್ನು ತೆಗೆಯುವುದು ಹೇಗೆ? ತುಸು ಆಮ್ಲಜನಕವನ್ನು ಬೆರೆಸಿ ಮಾನಾಕ್ಸೈಡನ್ನು ಮಾತ್ರ ಸುಟ್ಟುಬಿಡುವುದು ಒಂದು ಉಪಾಯ. ಹೇಳುವುದು ಸುಲಭ. ಚಳ್ಳಕೆರೆಯ ಕಡೆ ಶೇಂಗಾ ಹೊಲದಲ್ಲಿ ಕಳೆ ಕೀಳುವವರನ್ನು ಕಂಡವರಿಗೆ ಇದರ ಕಷ್ಟ ಅರ್ಥವಾದೀತು: ಕಳೆ ಒಂದು, ಸಸಿ ಅರವತ್ತು ಎಪ್ಪತ್ತು, ಒಂದನ್ನು ಕೀಳುವಾಗ ಮತ್ತೊಂದರ ಬೇರು ಅಲುಗಬಾರದು. ಜಲಜನಕವೂ ಆಮ್ಲಜನಕದೊಡನೆ ಉರಿಯಲು ಕಾತರಿಸುವ ಅನಿಲವೇ. 1823ರಲ್ಲಿ ಜರ್ಮನಿಯ ಡೋಬರೈನರ್ ಅವರು ಪ್ಲಾಟಿನಂ ಪುಡಿಯ ಮೇಲೆ ಜಲಜನಕವನ್ನು ಊದಿದಾಗ ಅದು ಬೆಂಕಿ ತಗುಲಿಸದೆಯೇ ಹೊತ್ತಿಕೊಂಡದ್ದು ರಸಾಯನಶಾಸ್ತ್ರದ ಪ್ರಸಿದ್ಧ ಪ್ರಸಂಗ. ಪ್ಲಾಟಿನಂ ಬಳಸಿ ಮಾನಾಕ್ಸೈಡನ್ನು ಸುಡುವ ವಿಧಾನವನ್ನು 1960ರ ದಶಕದಲ್ಲೇ ಅಮೋನಿಯ ಉದ್ಯಮಕ್ಕಾಗಿ ರೂಪಿಸಿದರು. ಆದರೆ ತಣ್ಣಗಿದ್ದಾಗ ಪ್ಲಾಟಿನಮ್ಮಿನ ಮೈಯೆಲ್ಲ ಮಾನಾಕ್ಸೈಡಿನಿಂದ ಮುಚ್ಚಿಹೋಗಿ, ಆಮ್ಲಜನಕಕ್ಕೆ ಕಾಲಿಡಲು ಜಾಗವಿರುವುದಿಲ್ಲ. ಅದನ್ನು ಇಂಧನ ಕೋಶಕ್ಕಿಂತ ಹೆಚ್ಚು ಬಿಸಿಯಾಗಿಡಬೇಕು. ಬಿಸಿ ಹೆಚ್ಚಿದಷ್ಟೂ ಜಲಜನಕವೂ ಸುಟ್ಟು ಪೋಲಾಗುತ್ತದೆ.

ಮಾನಾಕ್ಸೈಡನ್ನು ಹಗುರವಾಗಿ ಹಿಡಿದು, ಕೆಲಸ ಮುಗಿದೊಡನೆ ಬಿಟ್ಟುಕೊಡುವ ಲೋಹವೊಂದು ಬೇಕಾಗಿತ್ತು. ಚಿನ್ನ ಅಂಥದು. ಆದರೆ ಅದರ ಕಡೆ ನೋಡಿದವರು ಕಡಿಮೆ, ಏಕೆಂದರೆ ಅದು ನಿಷ್ಕ್ರಿಯವೆಂದು ಎಲ್ಲರೂ ಓದಿದ್ದರು. ಪುಡಿಯಾದ ಚಿನ್ನ ಬೇರೆಯೇ ಬಗೆಯದೆಂಬ ಸುಳಿವು ಹಿಂದೆಯೇ ಸಿಕ್ಕಿತ್ತು. 1857ರಲ್ಲಿ ಮೈಕೇಲ್ ಫ್ಯಾರಡೆ ಅವರು ಅತಿಸೂಕ್ಷ್ಮ ಚಿನ್ನದ ಕಣಗಳು ತೇಲುವ ದ್ರವವು ಮಾಣಿಕ್ಯದಂತೆ ಕೆಂಪಾಗಿರುವುದನ್ನು ವಿವರಿಸಿದ್ದರು. ಹಳದಿ ಲೋಹ ಕೆಂಪಾದರೆ ಅದರ ಸ್ವಭಾವವೂ ಬದಲಾಗಿರಬಹುದಲ್ಲವೆ? 1973ರಲ್ಲಿ ಬ್ರಿಟನ್ನಿನ ಜೆಫ್ರಿ ಬಾಂಡ್ ಮತ್ತು ಸಂಗಡಿಗರು ಸೂಕ್ಷ್ಮ ಚಿನ್ನವು ಕೆಲವು ಇಂಗಾಲದ ಸಂಯುಕ್ತಗಳಿಗೆ ಜಲಜನಕವನ್ನು ಸೇರಿಸಬಲ್ಲದೆಂದು ತೋರಿಸಿದರು. 1985ರಲ್ಲಿ ಗ್ರಹಾಂ ಹಚಿಂಗ್ಸ್ ಅವರು ಪಿವಿಸಿ ಪ್ಲಾಸ್ಟಿಕ್ಕಿನ ಮೂಲವಸ್ತುವನ್ನು ಅಸಿಟಲೀನಿನಿಂದ ತಯಾರಿಸಲು ಚಿನ್ನವೇ ಶ್ರೇಷ್ಠ ಕ್ರಿಯಾವರ್ಧಕವಾಗಬಹುದೆಂದು ಊಹಿಸಿ, ಪ್ರಯೋಗದಿಂದ ಸ್ಥಿರಪಡಿಸಿದರು.

ನಿರ್ಣಾಯಕ ಹೆಜ್ಜೆ ಜಪಾನಿನದು. ಒಸಾಕಾದ ಸರ್ಕಾರಿ ಕೈಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿದ್ದ ಮಸಾತಕೆ ಹರುಟ ಅವರು ಚಿನ್ನದ ಲವಣವನ್ನು ಕಬ್ಬಿಣ, ಕೋಬಾಲ್ಟ್ ಮೊದಲಾದವುಗಳ ಲವಣಗಳೊಡನೆ ಬೆರೆಸಿ, ಕ್ಷಾರದಿಂದ ಒಟ್ಟಿಗೇ ಒತ್ತರಗೊಳಿಸಿ, ತೊಳೆದು, ಒಣಗಿಸಿ, ಕಾಯಿಸಿದರು. ಆಕ್ಸೈಡಿನ ಪುಡಿಯ ಮೇಲೆ ಚಿನ್ನವು ಕೆಲವೇ ನ್ಯಾನೊಮೀಟರ್ ಗಾತ್ರದ ಕಣಗಳಾಗಿ ಹರಡಿ ನಿಂತಿತು. ನ್ಯಾನೊಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. 1987ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಈ ಪುಡಿಯು ಸೊನ್ನೆಗಿಂತ 70 ಡಿಗ್ರಿ ಕೆಳಗಿನ ಚಳಿಯಲ್ಲೂ ಇಂಗಾಲದ ಮಾನಾಕ್ಸೈಡನ್ನು ಆಮ್ಲಜನಕದೊಡನೆ ಕೂಡಿಸಬಲ್ಲದು. ಪ್ಲಾಟಿನಂ ಮರಗಟ್ಟಿ ಕೂರುವ ಚಳಿಯಲ್ಲಿ ಚಿನ್ನ ದುಡಿಯುತ್ತಿತ್ತು.

ಗಾತ್ರದ ಮಹಿಮೆಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಇದನ್ನು ಮಾಡಬಲ್ಲ. ಒಂದು ಗ್ರಾಂ ಚಿನ್ನವನ್ನು ಘನಾಕೃತಿಯ ಗಟ್ಟಿಯಾಗಿ ಮಾಡಿದರೆ ಅದರ ಒಟ್ಟು ಮೇಲ್ಮೈ ಒಂದು ಚದರ ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಅದೇ ಒಂದು ಗ್ರಾಮನ್ನು ಮೂರು ನ್ಯಾನೊಮೀಟರ್ ವ್ಯಾಸದ ಗುಂಡುಗಳಾಗಿ ಒಡೆದರೆ ಮೇಲ್ಮೈ ಸುಮಾರು 100 ಚದರ ಮೀಟರ್. ಶಾಲೆಯ ಎರಡು ಕೊಠಡಿಗಳ ನೆಲದಷ್ಟು. ಅಂತಹ ಒಂದೊಂದು ಗುಂಡಿನಲ್ಲಿರುವುದು ಸುಮಾರು 800 ಪರಮಾಣುಗಳು. ಅವುಗಳಲ್ಲಿ ಬಹಳಷ್ಟು ಹೊರಮೈಯಲ್ಲೂ ಅಂಚುಗಳಲ್ಲೂ ಇರುವುದರಿಂದ ನೆರೆಹೊರೆಯ ಪರಮಾಣುಗಳ ಬಂಧ ಕಡಿಮೆ. ಬಂದ ಅತಿಥಿಯನ್ನು ಕೈಹಿಡಿಯಲು ಬಿಡುವು ಹೆಚ್ಚು. ಅಮೆರಿಕದ ಟೆಕ್ಸಾಸಿನಲ್ಲಿ ವೇಯ್ನ್ ಗುಡ್‌ಮನ್ ಮತ್ತು ಸಂಗಡಿಗರು 1998ರಲ್ಲಿ ಟೈಟಾನಿಯಂ ಆಕ್ಸೈಡಿನ ಮೇಲೆ ಚಿನ್ನದ ಕಣಗಳನ್ನು ಬೆಳೆಸಿ, ಎರಡು ಪರಮಾಣುಗಳಷ್ಟು ದಪ್ಪದ, ಮೂರು ನ್ಯಾನೊಮೀಟರ್ ಆಸುಪಾಸಿನ ತುಣುಕುಗಳೇ ಅತ್ಯಂತ ಚುರುಕೆಂದು ತೋರಿಸಿದರು. ಚಿನ್ನ ಕುಳಿತ ಆಕ್ಸೈಡು ಬರಿಯ ಪೀಠವಲ್ಲ. ಚಿನ್ನವೂ ಆಕ್ಸೈಡೂ ಸಂಧಿಸುವ ಅಂಚಿನಲ್ಲಿ ಆಮ್ಲಜನಕವು ಎಚ್ಚರಗೊಳ್ಳುತ್ತದೆಂದು ಬಹುಮಂದಿ ಸಂಶೋಧಕರ ಮತ. ಜರ್ಮನಿಯ ಉಲ್ಮ್ ನಗರದಲ್ಲಿ 1999ರಲ್ಲಿ ಪ್ರಕಟವಾದ ಅಧ್ಯಯನವು ಕಬ್ಬಿಣದ ಆಕ್ಸೈಡಿನ ಮೇಲಿನ ಚಿನ್ನವನ್ನು ಜಲಜನಕ ತುಂಬಿದ ಅನಿಲದಲ್ಲೇ ಪರೀಕ್ಷಿಸಿತು. 80 ಡಿಗ್ರಿಯಲ್ಲಿ, ಎಂದರೆ ಇಂಧನ ಕೋಶದ ಉಷ್ಣತೆಯಲ್ಲೇ, ಅದು ಮಾನಾಕ್ಸೈಡನ್ನು ಆರಿಸಿ ಸುಡಬಲ್ಲದೆಂದು ತಿಳಿಯಿತು.

ಇಲ್ಲಿಂದ ಮುಂದೆ ಕಥೆ ನಮ್ಮ ನಾಡಿಗೆ ಸಮೀಪಿಸುತ್ತದೆ. ಒಂದು ಕಾಲದಲ್ಲಿ ಗದಗಿನ ಕಪ್ಪತಗುಡ್ಡದ ಹಳ್ಳಗಳ ಮರಳನ್ನು ಮರಿಗೆಗಳಲ್ಲಿ ತೊಳೆದು ಜಾಲಗಾರರು ಚಿನ್ನದ ಪುಡಿಯನ್ನು ಆರಿಸುತ್ತಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನವನ್ನು ಅವರು ಬಿಟ್ಟುಕೊಡಲೇಬೇಕಾಗಿತ್ತು. ಗ್ಲಾಸ್ಗೋ ನಗರದ ಮ್ಯಾಕಾರ್ಥರ್ ಮತ್ತು ಫಾರೆಸ್ಟ್ ಸೋದರರು 1887ರಲ್ಲಿ ಹಕ್ಕುಸ್ವಾಮ್ಯ ಪಡೆದ ಸಯನೈಡ್ ವಿಧಾನವು ಅಂತಹ ಸೂಕ್ಷ್ಮ ಚಿನ್ನವನ್ನೂ ಕರಗಿಸಿ ತೆಗೆಯಿತು. 2001ರ ಫೆಬ್ರವರಿ 28ರಂದು ಮುಚ್ಚಿದ ಕೋಲಾರದ ಚಿನ್ನದ ಗಣಿಗಳ ಬಳಿ ಗುಡ್ಡಗಳಂತೆ ನಿಂತಿರುವ ಬೂದುಬಣ್ಣದ ರಾಶಿಗಳು ಆ ವಿಧಾನದ ಕುರುಹು. ಈ ಸಯನೈಡೇ 2003ರಲ್ಲಿ ವಿಚಿತ್ರ ಪ್ರಶ್ನೆಯೊಂದನ್ನು ಎತ್ತಿತು. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಮರಿಯಾ ಫ್ಲಿಟ್ಜಾನಿ-ಸ್ಟೆಫನೊಪುಲಸ್ ಮತ್ತು ಸಂಗಡಿಗರು ಸೀರಿಯಂ ಆಕ್ಸೈಡಿನ ಮೇಲೆ ಚಿನ್ನವಿದ್ದ ಕ್ರಿಯಾವರ್ಧಕವನ್ನು ಸಯನೈಡ್ ದ್ರಾವಣದಲ್ಲಿ ತೊಳೆದರು. ಲೋಹರೂಪದ ಚಿನ್ನವೆಲ್ಲ, ಎಂದರೆ ಹತ್ತರಲ್ಲಿ ಒಂಬತ್ತು ಪಾಲಿನಷ್ಟು, ಕರಗಿಹೋಯಿತು. ಮಾನಾಕ್ಸೈಡನ್ನೂ ನೀರಾವಿಯನ್ನೂ ಕೂಡಿಸಿ ಜಲಜನಕ ನೀಡುವ ಕೆಲಸ ಮಾತ್ರ ಮೊದಲಿನಂತೆಯೇ ನಡೆಯಿತು! ಹಾಗಿದ್ದರೆ ಆ ಕ್ರಿಯೆಯಲ್ಲಿ ದುಡಿಯುತ್ತಿದ್ದುದು ಹೊಳೆಯುವ ಲೋಹದ ಕಣವಲ್ಲ, ಆಕ್ಸೈಡಿನೊಳಗೆ ಬಿಡಿಬಿಡಿಯಾಗಿ ಸಿಕ್ಕಿಕೊಂಡ ಚಿನ್ನದ ಅಯಾನುಗಳು ಎಂದಾಯಿತು.

ಈ ಅಯಾನುಗಳ ಬೆನ್ನು ಹತ್ತಿದವರು ಬೆಂಗಳೂರಿನಲ್ಲಿಯೂ ಇದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ. ಸಿ. ಪಾಟೀಲ್ ಮತ್ತು ಅವರ ವಿದ್ಯಾರ್ಥಿ 1988ರಲ್ಲಿ ಒಂದು ಸರಳ ವಿಧಾನವನ್ನು ಪ್ರಕಟಿಸಿದ್ದರು. ಲೋಹದ ನೈಟ್ರೇಟನ್ನು ಯೂರಿಯಾದಂತಹ ಇಂಧನದೊಡನೆ ನೀರಿನಲ್ಲಿ ಕರಗಿಸಿ, ಕಾದ ಕುಲುಮೆಯಲ್ಲಿಟ್ಟರೆ ಅದು ಉಕ್ಕಿ, ಹೊತ್ತಿ, ಕೆಲವೇ ನಿಮಿಷಗಳಲ್ಲಿ ನೊರೆಯಂತಹ ಹಗುರವಾದ ಆಕ್ಸೈಡಾಗುತ್ತದೆ. ಹೊಲಕ್ಕೆ ಚೆಲ್ಲುವ ಯೂರಿಯಾಕ್ಕೆ ಇಂತಹದೊಂದು ಉಪಯೋಗವೂ ಇದೆ! ಅದೇ ಸಂಸ್ಥೆಯ, ಪ್ರೊ. ಸಿ. ಎನ್. ಆರ್. ರಾವ್ ಅವರು 1976ರಲ್ಲಿ ಕಟ್ಟಿದ ಘನಸ್ಥಿತಿ ರಸಾಯನವಿಜ್ಞಾನದ ಘಟಕದಲ್ಲಿದ್ದ ಪ್ರೊ. ಎಂ. ಎಸ್. ಹೆಗಡೆ ಅವರು ಈ ದಹನ ವಿಧಾನದಿಂದ ಕ್ರಿಯಾವರ್ಧಕಗಳನ್ನು ತಯಾರಿಸಿದರು. 2002ರಲ್ಲಿ ಪಾರ್ಥಸಾರಥಿ ಬೇರಾ ಅವರೊಡನೆ ಪ್ರಕಟಿಸಿದ ಲೇಖನದಲ್ಲಿ, ಸೀರಿಯಂ ಆಕ್ಸೈಡಿನಲ್ಲಿ ಚಿನ್ನವು ಲೋಹವಾಗಿಯೂ ಅಯಾನಾಗಿಯೂ ಇರುವುದನ್ನು, ಗಾಳಿಯಲ್ಲಿ ಕಾಯಿಸಿದಾಗ ಅಯಾನುಗಳ ಪಾಲು ಹೆಚ್ಚುವುದನ್ನು ವರದಿ ಮಾಡಿದರು. ಮುಂದೆ ಪ್ರೊ. ಗಿರಿಧರ್ ಮದ್ರಾಸ್ ಮೊದಲಾದವರ ಜೊತೆಗೂಡಿ ಪ್ಲಾಟಿನಂ, ಪೆಲೇಡಿಯಂಗಳನ್ನೂ ಹೀಗೆ ಆಕ್ಸೈಡಿನ ಮೈಯೊಳಗೆ ಅಯಾನುಗಳಾಗಿ ನೆಟ್ಟು, ವಾಹನಗಳ ಹೊಗೆಯ ಶುದ್ಧೀಕರಣಕ್ಕೂ ಮಾನಾಕ್ಸೈಡಿನಿಂದ ಜಲಜನಕ ಪಡೆಯುವುದಕ್ಕೂ ಬಳಸಿ ತೋರಿಸಿದರು. ಅಮೂಲ್ಯ ಲೋಹದ ಒಂದೊಂದು ಪರಮಾಣುವೂ ದುಡಿಯಬೇಕು, ಕಣದ ಹೊಟ್ಟೆಯೊಳಗೆ ಸುಮ್ಮನೆ ಕುಳಿತಿರಬಾರದು ಎಂಬುದು ಈ ಮಾರ್ಗದ ಲಾಭ. ಲೋಹದ ಕಣವೇ ಮುಖ್ಯವೋ ಅಯಾನೇ ಮುಖ್ಯವೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ದೀರ್ಘಕಾಲ ನಡೆಯಿತು. ಯಾವ ಕ್ರಿಯೆ, ಯಾವ ಆಕ್ಸೈಡ್, ಎಷ್ಟು ಉಷ್ಣತೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಪ್ರೊ. ಹೆಗಡೆ ಅವರ ಮುಂದಿನ ಕಾರ್ಯಕ್ಷೇತ್ರ ನಮ್ಮ ಜಿಲ್ಲೆಯೇ ಆಯಿತೆಂಬುದು ಸಂತೋಷದ ಸಂಗತಿ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ, ಹಿಂದೆ ಅಮೃತಮಹಲ್ ದನಗಳು ಮೇಯುತ್ತಿದ್ದ ಕಾವಲಿನ ನೆಲದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯು ತನ್ನ ಎರಡನೆಯ ಆವರಣವನ್ನು ಕಟ್ಟಿತು. ಅಲ್ಲಿ 2011ರಲ್ಲಿ ಆರಂಭವಾದ ಪ್ರತಿಭಾ ವಿಕಸನ ಕೇಂದ್ರದ ಹೊಣೆಯನ್ನು ಅವರು ಹೊತ್ತರು. ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ವಿಜ್ಞಾನ ಅಧ್ಯಾಪಕರು ಅಲ್ಲಿ ಉಳಿದುಕೊಂಡು, ಪ್ರಯೋಗಗಳನ್ನು ಸ್ವತಃ ತಮ್ಮ ಕೈಯಿಂದಲೇ ಮಾಡಿ ಕಲಿಯುವ ಅವಕಾಶ ದೊರೆಯಿತು. ಕಪ್ಪು ಹಲಗೆಯ ಮೇಲೆ ಬರೆದ ಸಮೀಕರಣವನ್ನಷ್ಟೇ ನಂಬಿ ಪಾಠ ಹೇಳಿದ ನನ್ನ ತಲೆಮಾರಿನವರಿಗೆ ಇದರ ಬೆಲೆ ಚೆನ್ನಾಗಿ ತಿಳಿಯುತ್ತದೆ.

ಚಿನ್ನದ ಗುಣಗಾನ ಮಾಡುವಾಗ ಅದರ ದೌರ್ಬಲ್ಯಗಳನ್ನು ಮುಚ್ಚಿಡಬಾರದು. ಪಾದರಸದ ಹನಿಗಳಂತೆ ಚಿನ್ನದ ಸೂಕ್ಷ್ಮ ಕಣಗಳೂ ಬಿಸಿಯಲ್ಲಿ ಒಂದರೊಡನೊಂದು ಕೂಡಿ ದಪ್ಪಗಾಗುತ್ತವೆ. ದಪ್ಪಗಾದೊಡನೆ ಹಳೆಯ ಆಲಸ್ಯ ಮರಳುತ್ತದೆ. ತಯಾರಿಕೆಯಲ್ಲಿ ಬಳಸಿದ ಲವಣದ ಕ್ಲೋರೈಡನ್ನು ಚೆನ್ನಾಗಿ ತೊಳೆಯದಿದ್ದರೂ ಅದು ಕೆಡುತ್ತದೆ. ದೊಡ್ಡ ಅಮೋನಿಯ ಕಾರ್ಖಾನೆಗಳು ನಿಕ್ಕಲ್ ಬಳಸಿ ಉಳಿದ ಮಾನಾಕ್ಸೈಡನ್ನು ಮೀಥೇನಾಗಿಸುವ ಹಳೆಯ ವಿಧಾನವನ್ನು, ಇಲ್ಲವೇ ರಂಧ್ರಯುಕ್ತ ವಸ್ತುಗಳಲ್ಲಿ ಹೀರಿಸುವ ವಿಧಾನವನ್ನು ಅನುಸರಿಸುತ್ತ ಬಂದಿವೆ. ಕಾರ್ಖಾನೆಯ ಮಟ್ಟದಲ್ಲಿ ಚಿನ್ನಕ್ಕೆ ದೊಡ್ಡ ಮನ್ನಣೆ ದೊರೆತದ್ದು ಹಚಿಂಗ್ಸ್ ಅವರು ಊಹಿಸಿದ ಪಿವಿಸಿ ಕ್ಷೇತ್ರದಲ್ಲಿ. ಅಲ್ಲಿ ಅದು ಪಾದರಸದ ವಿಷಕಾರಿ ಲವಣಕ್ಕೆ ಬದಲಿಯಾಗಿ ಬಂತು. 2017ರಲ್ಲಿ ಜಾರಿಗೆ ಬಂದ ಮಿನಮಾಟ ಒಪ್ಪಂದ ಅದಕ್ಕೆ ಒತ್ತಾಸೆಯಾಯಿತು.

ಜೋಗಿಮಟ್ಟಿಯ ಸಾಲುಬೆಟ್ಟಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿದವರು ಇನ್ನೊಂದು ಪ್ರಶ್ನೆ ಕೇಳಬಹುದು: ಗಾಳಿಯ ವಿದ್ಯುತ್ತಿನಿಂದ ನೀರನ್ನೇ ಒಡೆದು ಜಲಜನಕ ಪಡೆದರೆ ಮಾನಾಕ್ಸೈಡಿನ ಕಾಟವೇ ಇರುವುದಿಲ್ಲವಲ್ಲ? ಪ್ರಶ್ನೆ ಸರಿಯಾದದ್ದೇ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಗಳ ರಾಷ್ಟ್ರೀಯ ಹಸಿರು ಜಲಜನಕ ಅಭಿಯಾನಕ್ಕೆ ಒಪ್ಪಿಗೆ ನೀಡಿ, 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದನೆಯ ಗುರಿಯಿಟ್ಟಿತು. ಆದರೆ ಜಲಜನಕದ ದಾರಿ ಅದೊಂದೇ ಅಲ್ಲ. 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಸ್. ದಾಸಪ್ಪ ಅವರ ತಂಡವು ಒಂದು ಕಿಲೋ ಜೀವರಾಶಿಯಿಂದ 100 ಗ್ರಾಂ ಜಲಜನಕ ಪಡೆಯುವ ವಿಧಾನವನ್ನು ಪ್ರಕಟಿಸಿತು. ಸೌದೆ, ಹೊಟ್ಟು, ತೆಂಗಿನ ಚಿಪ್ಪುಗಳಿಂದ ಅನಿಲ ತೆಗೆಯುವಲ್ಲೆಲ್ಲ ಮಾನಾಕ್ಸೈಡ್ ಹುಟ್ಟುವುದು ತಪ್ಪದು. ಅದನ್ನು ಬೇರ್ಪಡಿಸುವ ವಿದ್ಯೆ ಬೇಕೇ ಬೇಕು. ಮೆಥನಾಲಿನಿಂದ ಸ್ಥಳದಲ್ಲೇ ಜಲಜನಕ ತಯಾರಿಸುವ ಸಣ್ಣ ಘಟಕಗಳಿಗೂ ಈ ಮಾತು ಅನ್ವಯಿಸುತ್ತದೆ.

ಡೆನ್ಮಾರ್ಕಿನ ಹ್ಯಾಮರ್ ಮತ್ತು ನೋರ್ಸ್ಕೋವ್ ಅವರು 1995ರಲ್ಲಿ ಚಿನ್ನವು ಲೋಹಗಳಲ್ಲೆಲ್ಲ ಅತ್ಯಂತ ನಿಷ್ಕ್ರಿಯವೇಕೆಂಬುದನ್ನು ಪರಮಾಣುಗಳ ಮಟ್ಟದಲ್ಲಿ ವಿವರಿಸಿದರು. ಹರುಟ ಅವರ ಪ್ರಯೋಗ ಪ್ರಕಟವಾಗಿ ಆಗ ಎಂಟು ವರ್ಷ. ಎರಡೂ ನಿಜ, ಒಂದು ಮತ್ತೊಂದನ್ನು ಅಲ್ಲಗಳೆಯುವುದಿಲ್ಲ. ನುಣುಪಾದ, ದಪ್ಪ ಗಟ್ಟಿಯ ಚಿನ್ನ ಜಲಜನಕವನ್ನು ಒಡೆದು ಹಿಡಿಯಲಾರದು ಎಂಬುದು ಒಂದು ಮಾತು. ಮೂರು ನ್ಯಾನೊಮೀಟರಿನ ಚಿನ್ನ ಆಕ್ಸೈಡಿನ ಮೇಲೆ ಕುಳಿತು ಮಾನಾಕ್ಸೈಡನ್ನು ಸುಡಬಲ್ಲದು ಎಂಬುದು ಇನ್ನೊಂದು. ನಮ್ಮ ಪಠ್ಯಗಳು ಮೊದಲನೆಯ ಮಾತನ್ನು ಹೇಳಿ ನಿಲ್ಲುತ್ತವೆ. ಅದು ಯಾವ ಗಾತ್ರಕ್ಕೆ, ಯಾವ ಸ್ಥಿತಿಗೆ ಸಲ್ಲುತ್ತದೆಂಬ ಎಲ್ಲೆಯನ್ನು ಹೇಳದೆ ಬಿಟ್ಟದ್ದರಿಂದಲೇ ಚಿನ್ನದ ಈ ಗುಣವನ್ನು ಹುಡುಕುವ ಗೋಜಿಗೆ ಬಹುಕಾಲ ಹೆಚ್ಚು ಮಂದಿ ಹೋಗಲಿಲ್ಲ.

ಇಂದು ತರಗತಿಯಲ್ಲಿ ಪಾಠ ಹೇಳುತ್ತಿರುವ ಕಿರಿಯ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಕ್ರಿಯಾಶೀಲತೆಯ ಸರಣಿಯನ್ನು ಹಲಗೆಯ ಮೇಲೆ ಬರೆದು ಬುಡದಲ್ಲಿ ಚಿನ್ನವೆಂದು ಗುರುತಿಸಿದ ಮೇಲೆ ಹತ್ತು ನಿಮಿಷ ಬಿಡುವು ಮಾಡಿಕೊಂಡು, ಮೇಲೆ ಹೇಳಿದ ಒಂದು ಗ್ರಾಮಿನ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ. ಘನದ ಮೇಲ್ಮೈ, ಗೋಳದ ಮೇಲ್ಮೈಗಳ ಸೂತ್ರ ಅವರಿಗೆ ಗೊತ್ತಿರುತ್ತದೆ. ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ ಎಂದು ನೀವು ಹೇಳಿದರೆ ಸಾಕು. ಉತ್ತರ ಬಂದಾಗ ಅವರಲ್ಲೊಬ್ಬರಾದರೂ, ಹಾಗಾದರೆ ಬೆಳ್ಳಿ ಹೇಗೆ ಸಾರ್ ಎಂದು ಕೇಳದಿರರು.